ಇಳಿದವು ಇನ್ನೂರಾರು, ಹಾರಿದವು ನೂರತೊಂಬತ್ತನಾಲ್ಕು

ಶುಕ್ರವಾರ ಸಂಜೆ ಬಾಗಿಲು ತಟ್ಟಿದ ಸದ್ದಾದಾಗ ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು.

"ಯಾರೇ ಆಗಲಿ, ನಾನು ಮನೇಲಿಲ್ಲ ಅನ್ನು," ಎಂದರು.

ನಾನು ಬಾಗಿಲು ತೆರೆದೆ. ಹೊರಗೆ ನಿಂತಿದ್ದವಳ ಮುಖ ನೋಡಿದ ಮೇಲೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಗುಡ್ಡದ ಮೇಲಿನ ಚಿಕ್ಕ ವಿಮಾನ ನಿಲ್ದಾಣದ ಎಣಿಕೆ ಗುಮಾಸ್ತೆ ಅವಳು. ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕನೇ ಅವಳಿಗೆ ಕೆಲಸ ಕಲಿಸಿದ್ದರು. ಚಪ್ಪಲಿ ಬಿಡುವಾಗಲೂ ನಮ್ಮ ಹೊಸಿಲು ಕೊಳೆಯಾಗದ ಹಾಗೆ ಪಕ್ಕಕ್ಕೆ ಬಿಟ್ಟಳು. ಅಷ್ಟು ಕಂಗೆಟ್ಟಿದ್ದಾಗಲೂ.

ಅಕ್ಕ ನನ್ನ ಓರಗಿತ್ತಿ. ನಮ್ಮಿಬ್ಬರ ಗಂಡಂದಿರು ಅಣ್ಣತಮ್ಮಂದಿರು. ಇಬ್ಬರೂ ಹೋದ ಮೇಲೆ ನಾವಿಬ್ಬರು ಒಂದೇ ಮನೆಯಲ್ಲಿ ಉಳಿದೆವು. ಅಕ್ಕ ಮೂವತ್ತನಾಲ್ಕು ವರ್ಷ ವಿಮಾನಯಾನ ಇಲಾಖೆಯ ಅಂಕಿ ಅಂಶ ವಿಭಾಗದಲ್ಲಿದ್ದವರು. ದೇಶದ ಎಲ್ಲ ನಿಲ್ದಾಣಗಳಲ್ಲಿ ತಿಂಗಳಿಗೆ ಎಷ್ಟು ವಿಮಾನ ಇಳಿದವು, ಎಷ್ಟು ಹಾರಿದವು ಎಂಬ ಪಟ್ಟಿ ಅವರ ಮೇಜು ದಾಟದೆ ಅಚ್ಚಿಗೆ ಹೋಗುತ್ತಿರಲಿಲ್ಲ. ನಿವೃತ್ತರಾದ ಮೇಲೆ ಊರಿನವರ ಕಳೆದ ವಸ್ತು, ಕೆಟ್ಟ ಹೆಸರು, ಬಗೆಹರಿಯದ ಜಗಳಗಳೆಲ್ಲ ನಮ್ಮ ಜಗಲಿಗೆ ಬರತೊಡಗಿದವು. ನನ್ನದು ಕಾಫಿ ಕೊಡುವ ಮತ್ತು ಕೇಳಿಸಿಕೊಳ್ಳುವ ಕೆಲಸ.

"ಮೇಡಂ, ನನ್ನನ್ನ ಅಮಾನತು ಮಾಡಿದಾರೆ," ಎಂದಳು ಗುಮಾಸ್ತೆ. "ಸೋಮವಾರ ಹತ್ತು ಗಂಟೆಗೆ ವಿಚಾರಣೆ. ಸುಳ್ಳು ಲೆಕ್ಕ ಬರೆದೆ ಅಂತ. ಕೆಲಸ ಹೋಗೋದು ಹಾಗಿರಲಿ, ಸುಳ್ಳುಗಾತಿ ಅನ್ನಿಸ್ಕೊಂಡು ಹೋಗ್ಬೇಕಲ್ಲ."

"ಕೂತ್ಕೋ. ಎಷ್ಟು ಬರೆದಿದ್ದೆ?"

"ಹೋದ ತಿಂಗಳು ಇಳಿದಿದ್ದು ಇನ್ನೂರಾರು, ಹಾರಿದ್ದು ನೂರತೊಂಬತ್ತನಾಲ್ಕು. ಒಟ್ಟು ನಾನೂರು."

ಅಕ್ಕ ಕಾಲನ್ನು ಬಕೆಟ್ಟಿನಿಂದ ಮೇಲೆತ್ತಿದರು. ನಾನು ಟವೆಲ್ ಕೊಟ್ಟೆ.

ವಿಷಯ ಇಷ್ಟು. ಮೂರು ತಿಂಗಳು ಸತತವಾಗಿ ನಾನೂರಕ್ಕಿಂತ ಕಡಿಮೆ ಬಂದರೆ ವಿಮಾನಗಳಿಗೆ ಇಳಿಯಲು, ಏಳಲು ಅಪ್ಪಣೆ ಕೊಡುವ ಆ ನಿಲ್ದಾಣದ ಟವರ್ ಮುಚ್ಚಬೇಕೆಂಬುದು ನಿಯಮ. ಮೊದಲೆರಡು ತಿಂಗಳು ಮುನ್ನೂರತೊಂಬತ್ತಾರು, ಮುನ್ನೂರತೊಂಬತ್ತೆಂಟು ಬಂದಿತ್ತು. ಮೂರನೆಯ ತಿಂಗಳು ಸರಿಯಾಗಿ ನಾನೂರು. ಮುಖ್ಯ ಕಚೇರಿಯವರಿಗೆ ಅನುಮಾನ ಬಂದು ನೋಡಿದರೆ ಇಳಿದವು ಹಾರಿದವುಗಳಿಗಿಂತ ಹನ್ನೆರಡು ಹೆಚ್ಚು. ಟವರ್ ಉಳಿಸಿಕೊಳ್ಳಲು ಇವಳೇ ಹನ್ನೆರಡು ಸುಳ್ಳು ವಿಮಾನ ಇಳಿಸಿದ್ದಾಳೆ ಎಂದು ತೀರ್ಮಾನಿಸಿದರು.

"ನೀನು ಹಾಗೇ ಕಳಿಸಿಬಿಟ್ಯಾ? ಎರಡರ ನಡುವೆ ಇಷ್ಟು ಅಂತರ ಇದ್ರೂ?"

"ಲಾಗ್ ಬುಕ್ಕಲ್ಲಿ ಏನಿತ್ತೋ ಅದನ್ನೇ ಕೂಡಿದೆ. ನಮ್ಮ ನಿಲ್ದಾಣದ ಮುಖ್ಯಸ್ಥರನ್ನ ಕೇಳಿದ್ದೆ. 'ಬುಕ್ಕಲ್ಲಿ ಇರೋದನ್ನ ಕಳ್ಸಮ್ಮ' ಅಂದ್ರು. ಮೇಡಂ, ನನಗೆ ಆ ಫ್ಲೈಯಿಂಗ್ ಕ್ಲಬ್ಬಿನ ಮೇಷ್ಟ್ರ ಮೇಲೆ ಅನುಮಾನ. ಟವರ್ ಹೋದ್ರೆ ಅವರ ಕ್ಲಬ್ಬೂ ಹೋಗುತ್ತೆ. ಅವರ ಹುಡುಗರು ಸುತ್ತು ಹೊಡೆದಿದ್ದಕ್ಕೆ ಅವರೇ ಚೀಟಿ ಕೊಡೋದು."

"ಅವನು ಸುಳ್ಳು ಬರೆದ್ರೂ ಜೋಡಿಯಾಗೇ ಬರೀತಾನೆ. ಕಲಿಯೋ ಹುಡುಗ ಚಕ್ರ ಮುಟ್ಟಿಸಿ ಹಾಗೇ ಹಾರ್ತಾನೆ. ಒಂದು ಇಳಿದದ್ದು, ಒಂದು ಹಾರಿದ್ದು. ಅವನ ಚೀಟಿಯಿಂದ ಅಂತರ ಬರೋಲ್ಲ." ಅಕ್ಕ ಕಣ್ಣು ಮುಚ್ಚಿದರು. "ಟವರಿನ ಬೀಗದ ಕೈ ಯಾರ ಹತ್ರ ಇದೆ?"

"ಮುಖ್ಯಸ್ಥರು, ನಾನು, ಬೆಂಕಿ ಆರಿಸೋ ಗಾಡಿ ಡ್ರೈವರ್. ನಾವು ಮೂರೇ ಜನ ಅಲ್ವಾ ಈಗ. ನಾನೂ ಡ್ರೈವರೂ ಊರಿಂದ ಮೊದಲ ಬಸ್ಸಿಗೆ ಬರ್ತೀವಿ, ಏಳಕ್ಕೆ ಇಳೀತೀವಿ. ಮುಖ್ಯಸ್ಥರದು ಗೇಟಿನ ಪಕ್ಕದ ಕ್ವಾರ್ಟರ್ಸು. ಏಳೂವರೆಗೆ ಬಂದು ಬುಕ್ ತೆರೀತಾರೆ."

"ಏಳೂವರೆ? ನನ್ನ ಕಾಲದಲ್ಲಿ ಐದೂವರೆ ಇತ್ತು."

"ಮೂರು ತಿಂಗಳಾಯ್ತು ಕಡಿಮೆ ಮಾಡಿ. ವಿಮಾನ ಇಲ್ಲ, ಯಾಕೆ ಅಷ್ಟು ಬೇಗ ಅಂತ."

ನಾನು ಕಾಫಿ ತಂದಿಟ್ಟೆ. ಅವಳು ಪರ್ಸಿನಿಂದ ಒಂದು ಮಾತ್ರೆ ತೆಗೆದು, ಬಿಸಿನೀರು ಸಿಗುತ್ತದೆಯೇ ಎಂದು ಕೇಳಿದಳು. ತಣ್ಣೀರು ಕುಡಿದರೆ ಗಂಟಲು ಹಿಡಿಯುತ್ತದಂತೆ.

"ಆಫೀಸಲ್ಲಿ ಏನು ಮಾಡ್ತೀಯಮ್ಮ?" ಎಂದೆ.

"ಅದೊಂದು ತಮಾಷೆ ಅಮ್ಮ. ಕೆಲವು ದಿನ ನಾನು ಹೋಗೋಷ್ಟರಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿರುತ್ತೆ. ಕೆಲವು ದಿನ ಇರಲ್ಲ. ಡ್ರೈವರನ್ನ ಕೇಳಿದ್ರೆ, 'ನಿಮ್ಮ ಜೊತೆ ಬಸ್ಸಲ್ಲಿ ನೇತಾಡ್ಕೊಂಡು ಬಂದವನು ನೀರು ಕಾಯಿಸಿಡೋಕೆ ನನಗೇನು ಎರಡು ಮೈ ಇದೆಯಾ' ಅಂತಾನೆ." ಇಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಅವಳು ನಕ್ಕಳು. "ಮುಖ್ಯಸ್ಥರು ಪಾಪ, ಈಚೆಗೆ ಬಂದು ಕೂತಲ್ಲೇ ತೂಕಡಿಸ್ತಾರೆ. ಮೊನ್ನೆ ಪ್ಯಾಂಟಿನ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟ್ಕೊಂಡಿತ್ತು, ನಾನೇ ಕಿತ್ತು ಹಾಕಿದೆ. ನಾಲ್ಕು ತಿಂಗಳಿದೆ ಅವರ ನಿವೃತ್ತಿಗೆ."

ಅವಳು ಹೋದ ಮೇಲೆ ಅಕ್ಕ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಹೇಳಿದರು. ಸ್ಟೂಲು ಹತ್ತಿ ಇಳಿಸಿದೆ. ನನ್ನ ಸೊಂಟ ಅದನ್ನು ಮೂರು ದಿನ ನೆನಪಿಟ್ಟುಕೊಂಡಿತ್ತು. ಒಳಗೆ ಒಂಬತ್ತು ವರ್ಷದ ಮಾಸಿಕ ಪಟ್ಟಿಗಳಿದ್ದವು. ನಿವೃತ್ತರಿಗೂ ಇಲಾಖೆ ಅವನ್ನು ಅಂಚೆಯಲ್ಲಿ ಕಳಿಸುತ್ತದೆ. ಬೇರೆಯವರು ಅವನ್ನು ಕಪಾಟಿಗೆ ಹಾಸುತ್ತಾರೆ.

"ಇಲ್ಲಿ ನೋಡೇ," ಎಂದು ಅಕ್ಕ ಬೆರಳಿಟ್ಟರು. "ಚಳಿಗಾಲದ ಈ ಮೂರು ತಿಂಗಳು ಪ್ರತಿ ವರ್ಷವೂ ಬೀಳುತ್ತೆ, ಆಮೇಲೆ ತಾನಾಗೇ ಏಳುತ್ತೆ. ಇದಕ್ಕೆ ಗಾಬರಿಬಿದ್ದು ಯಾರೋ ಟವರಿನ ಹೊತ್ತು ಕಡಿಮೆ ಮಾಡಿದಾನೆ. ಈಗ ಇಳಿದದ್ದು, ಹಾರಿದ್ದು ಬೇರೆ ಬೇರೆ ನೋಡು. ಒಂಬತ್ತು ವರ್ಷ ಎರಡೂ ಅಕ್ಕಪಕ್ಕ ನಡೆದಿವೆ. ಹೆಚ್ಚೆಂದರೆ ಒಂದೋ ಎರಡೋ ವ್ಯತ್ಯಾಸ. ಈ ಮೂರು ತಿಂಗಳು ಮಾತ್ರ ನಾಲ್ಕು, ಎಂಟು, ಹನ್ನೆರಡು."

"ಹಾಗಾದ್ರೆ ಅವಳೇ..." ನನಗೆ ಮುಂದೆ ಹೇಳಲು ಮನಸ್ಸಾಗಲಿಲ್ಲ.

"ನಾನು ಕಲಿಸಿದ ಹುಡುಗಿ. ಸುಳ್ಳು ಬರೆಯೋ ಮನಸ್ಸಿದ್ರೆ ಆರು ಇಳಿಸಿ ಆರು ಹಾರಿಸ್ತಿದ್ದಳು. ಹನ್ನೆರಡನ್ನೂ ಇಳಿಸಿ ಸುಮ್ಮನಾಗೋದು ನಮ್ಮ ಕೆಲಸದವರು ಮಾಡೋ ಕಳ್ಳತನ ಅಲ್ಲ."

ಶನಿವಾರವೆಲ್ಲ ಅಕ್ಕ ಫೋನಿನ ಮುಂದೆ ಕೂತರು. ಆ ನಿಲ್ದಾಣದಿಂದ ದೊಡ್ಡ ಊರಿಗೆ ರೋಗಿಗಳನ್ನು ಒಯ್ಯುವ ಆಂಬುಲೆನ್ಸ್ ವಿಮಾನವೊಂದಿದೆ. ಅದರ ಪೈಲಟ್ "ನನಗೇನೂ ನೆನಪಿಲ್ಲ ಅಜ್ಜಿ" ಎಂದು ಇಟ್ಟುಬಿಟ್ಟ. ದೊಡ್ಡ ಊರಿನ ನಿಲ್ದಾಣದಲ್ಲಿದ್ದ ಅಕ್ಕನ ಹಳೆಯ ಸಹೋದ್ಯೋಗಿ ಮಾತ್ರ, ಮೊಮ್ಮಗುವಿಗೆ ಊಟ ಮಾಡಿಸುತ್ತಲೇ, ಸಂಜೆಯೊಳಗೆ ಒಂದು ಪಟ್ಟಿ ಓದಿ ಹೇಳಿದಳು. ಅಕ್ಕ ಬರೆದುಕೊಂಡರು. ಆಮೇಲೆ ಆ ಚೀಟಿಯನ್ನು ಮಗುಚಿಟ್ಟರು.

"ಏನಾಯ್ತು? ಸಿಕ್ಕಿತಲ್ಲ?"

"ಸಿಕ್ಕಿತು. ಸಿಕ್ಕಬಾರದಿತ್ತು ಅನ್ಸುತ್ತೆ. ಇಷ್ಟು ಮಾಡಿದವನು ಯಾರು ಅಂತ ಮಾತ್ರ ಖಾತ್ರಿಯಾಗಬೇಕು."

ನಾನು ಪಾತ್ರೆ ಒರೆಸುತ್ತಾ ಹೇಳಿದೆ: "ಅವಳಿಗೆ ಬಿಸಿನೀರು ತುಂಬಿಡೋರು ಯಾರೋ, ಒಳ್ಳೆಯವರು ಅಕ್ಕ. ಅಷ್ಟು ಬೆಳಗ್ಗೆ ಎದ್ದು ಬಂದು."

ಅಕ್ಕ ತಿರುಗಿ ನನ್ನನ್ನೇ ನೋಡಿದರು.

ಸೋಮವಾರ ಆ ಟವರಿನ ಅರುವತ್ತೆರಡು ಮೆಟ್ಟಿಲನ್ನು ನಾವಿಬ್ಬರೂ ನಾಲ್ಕು ಕಡೆ ನಿಂತು ಹತ್ತಿದೆವು. ಮೇಲೆ ನಾಲ್ಕೂ ಕಡೆ ಗಾಜಿನ ಕೋಣೆ. ಕೆಳಗೆ ಒಂದೇ ರನ್‌ವೇ, ಅದರ ಎರಡೂ ಬದಿಗೆ ಮೊಣಕಾಲೆತ್ತರ ಒಣಹುಲ್ಲು. ಗೇಟಿನಿಂದ ಟವರಿನವರೆಗೆ ಮಾತ್ರ ಡಾಂಬರು ಹಾದಿ. ಮುಖ್ಯಸ್ಥರು ಎದ್ದು ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟರು. ಕಣ್ಣ ಕೆಳಗೆ ಕಪ್ಪು, ಸಭ್ಯ ಮನುಷ್ಯ. ಗುಮಾಸ್ತೆ ಮೂಲೆಯಲ್ಲಿ, ಡ್ರೈವರ್ ಬಾಗಿಲ ಬಳಿ, ಕ್ಲಬ್ಬಿನ ಮೇಷ್ಟ್ರು ಕಿಟಕಿಯ ಹತ್ತಿರ. ವಿಚಾರಣೆಗೆ ಬಂದ ಅಧಿಕಾರಿ ಒಂದು ಕಾಲದಲ್ಲಿ ಅಕ್ಕನ ಕೈಕೆಳಗಿದ್ದವನು.

"ಮೇಡಂ, ನೀವ್ಯಾಕೆ ತೊಂದ್ರೆ ತಗೊಂಡ್ರಿ? ವಿಷಯ ಸ್ಪಷ್ಟ ಇದೆ," ಎಂದ.

"ಇದೆಯಾ? ಮೂರು ತಿಂಗಳಲ್ಲಿ ಹಾರಿದ್ದಕ್ಕಿಂತ ಇಪ್ಪತ್ತನಾಲ್ಕು ಹೆಚ್ಚು ಇಳಿದಿವೆ. ಇಲ್ಲಿ ವಿಮಾನ ನಿಲ್ಲೋ ಜಾಗ ಮೂರು. ಉಳಿದಿದ್ದನ್ನ ನಿನ್ನ ಜೇಬಲ್ಲಿ ಇಟ್ಕೊಂಡಿದೀಯೇನಪ್ಪ?"

"ಅದಕ್ಕೇ ಹೇಳಿದ್ದು, ಇಳಿದವು ಸುಳ್ಳು ಅಂತ."

"ಅಥವಾ ಹಾರಿದವು ಕಾಣೆಯಾಗಿವೆ. ಎರಡಕ್ಕೂ ಅಂತರ ಒಂದೇ. ಯಾವುದು ನಿಜ ಅಂತ ಇಲ್ಲಿ ಕೂತು ತಿಳಿಯೋಕಾಗಲ್ಲ. ಇಲ್ಲಿಂದ ಹೋದದ್ದು ಇನ್ನೆಲ್ಲೋ ಇಳಿದಿರಲೇಬೇಕು, ಅಲ್ಲಿನವರು ಬರೆದಿರಲೇಬೇಕು." ಅಕ್ಕ ಚೀಟಿ ಬಿಚ್ಚಿದರು. "ದೊಡ್ಡ ಊರಲ್ಲಿ ಆಂಬುಲೆನ್ಸ್ ವಿಮಾನ ಬೆಳಗ್ಗೆ ಆರೂಕಾಲರಿಂದ ಆರೂಮುಕ್ಕಾಲರೊಳಗೆ ಇಳಿದದ್ದು ಮೊದಲ ತಿಂಗಳು ನಾಲ್ಕು ಸಲ, ಎರಡನೇ ತಿಂಗಳು ಎಂಟು, ಹೋದ ತಿಂಗಳು ಹನ್ನೆರಡು. ಎಲ್ಲವೂ ಇಲ್ಲಿಂದ. ಮುಕ್ಕಾಲು ಗಂಟೆ ದಾರಿ. ಅಂದರೆ ಇಲ್ಲಿಂದ ಎದ್ದದ್ದು ಐದೂವರೆಯಿಂದ ಆರರೊಳಗೆ. ನಿಮ್ಮ ಬುಕ್ ತೆರೆಯೋದು ಏಳೂವರೆಗೆ."

ಅಧಿಕಾರಿ ಚೀಟಿ ತೆಗೆದುಕೊಂಡು ಎರಡು ಸಲ ಓದಿದ.

"ವಿಮಾನ ಸಂಜೆ ಬಂದು ಇಳಿಯುತ್ತೆ, ಆಗ ಟವರ್ ತೆರೆದಿರುತ್ತೆ, ಬರೀತಾರೆ. ಬೆಳಗ್ಗೆ ರೋಗಿಯನ್ನ ಕರ್ಕೊಂಡು ಹೋಗುತ್ತೆ, ಆಗ ಟವರ್ ಮುಚ್ಚಿರುತ್ತೆ, ಬರೆಯೋರಿಲ್ಲ. ಏಳೂವರೆ ಆದ ಮೇಲೆ ಹೊರಟರೆ ಆಸ್ಪತ್ರೆ ಮುಟ್ಟೋಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಸರದಿ ಹೋಗಿರುತ್ತೆ. ಆದರೆ ಈ ಕಾಲದಲ್ಲಿ ಆರಕ್ಕೆ ಇನ್ನೂ ಕತ್ತಲು. ರನ್‌ವೇ ದೀಪ ಇಲ್ಲದೆ ಏಳೋಕಾಗಲ್ಲ. ದೀಪದ ಸ್ವಿಚ್ಚು ಈ ಕೋಣೇಲಿದೆ, ಹೊತ್ತಿಗೆ ಮುಂಚೆ ಹಾಕಿದವರ ಲೈಸೆನ್ಸ್ ಹೋಗುತ್ತೆ. ಬೀಗದ ಕೈ ಇರೋದು ಮೂವರ ಹತ್ರ."

"ನನ್ನ ಕಡೆ ನೋಡ್ಬೇಡಿ ತಾಯಿ," ಎಂದ ಡ್ರೈವರ್, "ಏಳಕ್ಕೆ ಮುಂಚೆ ನನ್ನ ಹೆಂಡತಿಗೇ ನನ್ನ ಮುಖ ಕಾಣಲ್ಲ."

"ಗೊತ್ತಪ್ಪ. ನೀನೂ ಅವಳೂ ಒಂದೇ ಬಸ್ಸು. ಅದಕ್ಕೆ ಮುಂಚೆ ಊರಿಂದ ಬಸ್ಸಿಲ್ಲ." ಅಕ್ಕ ನನ್ನ ಕಡೆ ಕೈ ತೋರಿದರು. "ಇಲ್ಲಿಂದ ಮುಂದಿನದು ಇವಳದು. ಕೆಲವು ಬೆಳಗ್ಗೆ ಏಳಕ್ಕೆ ಮುಂಚೆಯೇ ಯಾರೋ ಇಲ್ಲಿ ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿಟ್ಟಿರ್ತಾರೆ. ತಾವೂ ಕುಡಿದು, ಮಾತ್ರೆ ನುಂಗೋಳಿಗೂ ಉಳಿಸಿರ್ತಾರೆ. ವಿಮಾನ ಏಳೋಕೆ ಮುಂಚೆ ನಾಯಿ, ನರಿ ಅಡ್ಡ ಇದೆಯಾ ಅಂತ ರನ್‌ವೇ ಪಕ್ಕ ನಡೆದು ನೋಡಿರ್ತಾರೆ. ಅಲ್ಲಿ ಮುಳ್ಳು ಹುಲ್ಲು. ಗೇಟಿನಿಂದ ಡಾಂಬರಿನ ಮೇಲೆ ನೆಟ್ಟಗೆ ಬಂದೋರ ಪ್ಯಾಂಟಿಗೆ ಅದು ಅಂಟಲ್ಲ."

ಗುಮಾಸ್ತೆ ನಿಧಾನವಾಗಿ ಮುಖ್ಯಸ್ಥರ ಕಡೆ ತಿರುಗಿದಳು.

"ನಾನೇ," ಎಂದರು ಅವರು. ದಣಿದವರು ಹೊರೆ ಇಳಿಸುವ ಹಾಗಿತ್ತು ಆ ದನಿ. "ಮೊದಲ ಸಲ ಒಂದು ಮಗು. ಪೈಲಟ್ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತ. ಇಲ್ಲ ಅನ್ನೋಕೆ ಆಗ್ಲಿಲ್ಲ. ಒಂದು ಸಲ ಹೂಂ ಅಂದ ಮೇಲೆ ಮುಂದಿನ ರೋಗಿಗೆ ಹೇಗೆ ಇಲ್ಲ ಅನ್ನೋದು?"

"ಹಾರಿದ್ದನ್ನ ಬಚ್ಚಿಟ್ರಿ. ಇಳಿದದ್ದನ್ನೂ ಬಿಡಬಹುದಿತ್ತಲ್ಲ," ಎಂದ ಅಧಿಕಾರಿ.

"ಅದು ಡ್ಯೂಟಿ ಹೊತ್ತಲ್ಲಿ ಇಳಿದದ್ದು. ಬರೀದೆ ಇರೋದು ಹೇಗೆ?" ಅವರಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ.

"ಅದೇ ನಿಮ್ಮ ಎಡವಟ್ಟು," ಎಂದರು ಅಕ್ಕ. "ಪ್ರಾಮಾಣಿಕರು ಮಾಡೋ ಮೋಸ ಹೀಗೇ ಅರ್ಧಕ್ಕೆ ನಿಲ್ಲುತ್ತೆ. ಉಳಿದರ್ಧ ಈ ಹುಡುಗಿ ತಲೆ ಮೇಲೆ ಬಿತ್ತು." ಅವರು ಅಧಿಕಾರಿಯ ಕಡೆ ತಿರುಗಿದರು. "ಕಾಣೆಯಾದ್ದನ್ನ ಸೇರಿಸು. ನಾನೂರು, ನಾನೂರಾರು, ನಾನೂರ ಹನ್ನೆರಡು. ಒಂದು ತಿಂಗಳೂ ಕೆಳಗೆ ಬಿದ್ದಿಲ್ಲ. ಹೊತ್ತು ಕಡಿಮೆ ಮಾಡಿ, ಆ ಹೊತ್ತಲ್ಲಿ ಹೋದದ್ದನ್ನ ಎಣಿಸದೆ, ಎಣಿಕೆ ಕಡಿಮೆಯಾಯ್ತು ಅಂತೀರಿ. ಆ ಆದೇಶಕ್ಕೆ ಸಹಿ ಯಾರದು?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ನಂದು ಮೇಡಂ."

"ಅದನ್ನೂ ವರದೀಲಿ ಬರಿ."

"ಬರೀತೀನಿ. ಟವರ್ ಮುಚ್ಚೋ ಮಾತಿಲ್ಲ, ಹಳೇ ಹೊತ್ತನ್ನೇ ಮತ್ತೆ ಕೊಡಿಸ್ತೀನಿ. ಇವರ ಅಮಾನತು ಈಗಲೇ ರದ್ದು. ಆದ್ರೆ," ಎಂದು ಮುಖ್ಯಸ್ಥರನ್ನು ನೋಡಿ, "ನಿಮ್ಮ ಮೇಲೂ ಬರೀಲೇಬೇಕಾಗುತ್ತೆ."

"ಬರೀರಿ. ಅದಕ್ಕೆ ಇನ್ನು ಹೆದರಲ್ಲ," ಎಂದರು ಅವರು. ಜೇಬಿನಿಂದ ಸವೆದ ಪುಟ್ಟ ಡೈರಿ ತೆಗೆದರು. ಇಪ್ಪತ್ತನಾಲ್ಕೂ ಹಾರಾಟದ ದಿನ, ನಿಮಿಷ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಎಣಿಸದೆ ಇರುವುದು ಅವರಿಂದಲೂ ಆಗಿರಲಿಲ್ಲ.

ಗುಮಾಸ್ತೆ ಎದ್ದು ಬಂದು ಲಾಗ್ ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ಇಪ್ಪತ್ತೆರಡು ವರ್ಷದ ಅಭ್ಯಾಸ, ಮೊದಲು ಅಂಚಿಗೆ ಗೆರೆ ಹಾಕಿದಳು.

"ಆ ಬಿಸಿನೀರು ಯಾರಿಟ್ಟದ್ದು ಅಂತ ಗೊತ್ತಿಲ್ಲದೇನೇ ದಿನಾ ಅವರಿಗೆ ಒಳ್ಳೇದಾಗ್ಲಿ ಅಂದ್ಕೋತಿದ್ದೆ ಸರ್," ಎಂದಳು, ತಲೆ ಎತ್ತದೆ. "ನನ್ನನ್ನ ಇಲ್ಲಿಂದ ಕಳ್ಸೋವಾಗ ನೀವು ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬೇಕಿತ್ತಮ್ಮ. ನಾಲ್ಕೇ ತಿಂಗಳು ಅಂತ ಬಾಯಿ ಕಟ್ಟಿತು."

ನಾನು ಗಾಜಿನಾಚೆ ನೋಡಿದೆ. ಆಂಬುಲೆನ್ಸ್ ವಿಮಾನ ತನ್ನ ಜಾಗದಲ್ಲಿ ನಿಂತಿತ್ತು. ಯಾರೋ ಅದರ ಮುಂಗಾಜು ಒರೆಸುತ್ತಿದ್ದರು.

"ಹೇಳಿ ಸರ್," ಎಂದಳು ಗುಮಾಸ್ತೆ. "ಮೊದಲನೇದು ಎಷ್ಟು ಗಂಟೆಗೆ ಎದ್ದಿತು?"

ಮುಖ್ಯಸ್ಥರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಅವಳು ಬರೆಯುತ್ತ ಹೋದಳು. ಏಳನೆಯದಕ್ಕೆ ಬರುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಅವಳು ಪೆನ್ನು ಕೆಳಗಿಟ್ಟು, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅದರಲ್ಲಿ ನೀರು ಬಗ್ಗಿಸಿ ಅವರ ಮುಂದಿಟ್ಟಳು. ಅವರ ಮುಖ ಮಾತ್ರ ನೋಡಲಿಲ್ಲ.

"ಎಂಟನೇದು?" ಎಂದಳು.