ನೀಲಿಯಾದ ವ್ಯಾನು

ಮಂಗಳವಾರ ಸಂಜೆ ಆರೂ ಮುಕ್ಕಾಲಿಗೆ ಠಾಣೆಗೆ ಬಂದ ದೂರುದಾರ ಒಬ್ಬ ಬಡಗಿ. ರಸ್ತೆ ದಾಟುತ್ತಿದ್ದ ಅವನ ಹೆಂಡತಿಗೆ ವ್ಯಾನೊಂದು ಗುದ್ದಿ ನಿಲ್ಲದೆ ಹೋಗಿತ್ತು. ಆಕೆಗೆ ಪ್ರಜ್ಞೆ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಅವನನ್ನು ಕೂರಿಸಿ ಹೇಳಿಕೆಯನ್ನು ತಾನೇ ಬರೆದುಕೊಂಡಳು. ಎಫ್‌ಐಆರ್ ದಾಖಲಾಯಿತು. ಸ್ಥಳದಲ್ಲಿ ಪಂಚನಾಮೆ ನಡೆಸಿ ದೀಪದ ಗಾಜಿನ ಚೂರು, ಒಂಟಿ ಚಪ್ಪಲಿ, ಆಕೆಯ ಕೈಚೀಲ ವಶಪಡಿಸಿಕೊಂಡರು. ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲ.

ಮರುದಿನ ಒಬ್ಬ ಸ್ಟುಡಿಯೋ ಮಾಲೀಕ ತಾನಾಗಿಯೇ ಫೋನ್ ಮಾಡಿದ. ಆ ಹೊತ್ತಿಗೆ ಅವನು ತಾರಸಿಯ ಮೇಲಿಂದ ಎದುರಿನ ಹೊಸ ಕಟ್ಟಡದ ಫೋಟೋ ತೆಗೆಯುತ್ತಿದ್ದನಂತೆ. ಕೆಲಸ ಮುಗಿದ ಚಿತ್ರಗಳನ್ನು ನೋಡುವಾಗ ಒಂದರ ಮೂಲೆಯಲ್ಲಿ ವ್ಯಾನು ಕಂಡಿತಂತೆ. ಸಂಜೆಯೊಳಗೆ ಚಿತ್ರ ಠಾಣೆಗೆ ಬಂತು. ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು, ಅವಳತ್ತ ಬರುತ್ತಿರುವ ವ್ಯಾನು. ನಂಬರು ಕಾಣದು. ಪಕ್ಕದ ಮೈಯೆಲ್ಲ ಕತ್ತಲೆ. ಮೂತಿಯ ಬಣ್ಣ ಮಾತ್ರ ನಿಚ್ಚಳ ನೀಲಿ.

ಗುರುವಾರ ಒಂದು ಗ್ಯಾರೇಜಿನಲ್ಲಿ ದೀಪ ಒಡೆದ ನೀಲಿ ವ್ಯಾನು ಸಿಕ್ಕಿತು. ಅದರ ಒಡೆಯ ಪ್ಲಂಬರ್.

"ಗೇಟಿನ ಕಂಬಕ್ಕೆ ಗುದ್ದಿದ್ದು ಮೇಡಂ."

"ಯಾರ ಗೇಟು?"

"ನಮ್ಮ ಮಾವಂದು."

"ನೋಡಿದೋರು?"

"ಮಾವನೇ. ಬೈಕೊಂಡೇ ಊರಿಗೆ ಹೋದ್ರು. ಫೋನ್ ಎತ್ತಲ್ಲ, ನನ್ನ ನಂಬರ್ ಅಂದ್ರೆ ಅಷ್ಟು ಪ್ರೀತಿ."

ಕಾನ್‌ಸ್ಟೇಬಲ್ ನಗು ನುಂಗಿಕೊಂಡ. ಪ್ಲಂಬರ್ ಲಾಕಪ್ಪಿಗೆ ಹೋದ. ಅವನ ಹೆಂಡತಿ ಠಾಣೆಯ ಬಾಗಿಲಲ್ಲೇ ಕೂತಳು, ಏಳೆಂದರೂ ಏಳಲಿಲ್ಲ. ಗಾಜು ಹೋಲುತ್ತದೋ ಇಲ್ಲವೋ ಎಂಬ ಪ್ರಯೋಗಾಲಯದ ವರದಿ ಬರುವುದು ಇನ್ನೂ ತಡ. ಇನ್‌ಸ್ಪೆಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಲಧಿಕಾರಿ ಕೇಸು ಮುಗಿಯಿತೆಂದು ಬೆನ್ನು ತಟ್ಟಿದರೂ ಅವಳು ಕಡತ ಮುಚ್ಚಲಿಲ್ಲ.

ಶುಕ್ರವಾರ ಗುರುತು ಹಿಡಿಯಲೆಂದು ಬಡಗಿಯ ಮುಂದೆ ಆ ಚಿತ್ರ ಇಟ್ಟಳು.

"ಅಂಚಲ್ಲಿ ನಿಂತಿರೋಳು ನನ್ನ ಹೆಂಡ್ತಿನೇ. ಆದ್ರೆ ಈ ಚೀಲ ಯಾರ್ದು?"

"ಅವರದ್ದೇ ಅಲ್ವಾ?"

"ಅವಳ ಚೀಲ ಕೆಂಪು ಮೇಡಂ. ಇದು ನೀಲಿ."

ಕಾನ್‌ಸ್ಟೇಬಲ್ ಮೊಹರು ಹಾಕಿದ್ದ ಪೊಟ್ಟಣ ತಂದ. ಪಾರದರ್ಶಕ ಹೊದಿಕೆಯೊಳಗೆ ಚೀಲ ಕೆಂಪಗೆ ಕೂತಿತ್ತು.

"ಸಂಜೆ ಬೆಳಕಿಗೆ ಹಾಗೆ ಕಾಣ್ಸಿರ್ಬೋದು," ಎಂದ.

"ಸಂಜೆ ಬೆಳಕಲ್ಲಿ ಕೆಂಪು ಇನ್ನೂ ಕೆಂಪಾಗುತ್ತೆ ಕಣಯ್ಯ. ಜೀಪ್ ತೆಗಿ."

ಸ್ಟುಡಿಯೋದ ಒಳಕೋಣೆಯ ಗೋಡೆಗಳಿಗೆ ಬೂದು ಬಣ್ಣ, ಚಿತ್ರದ ಬಣ್ಣ ತಿದ್ದುವಾಗ ಕಣ್ಣು ಮೋಸಹೋಗದಿರಲೆಂದು. ಪರದೆಯ ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಬಣ್ಣದ ಕೆಲಸವೆಲ್ಲ ಅವಳದೇ ಎಂದ ಮಾಲೀಕ.

"ಚಿತ್ರ ಇದ್ದ ಹಾಗೇ ಕೊಟ್ರಾ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದಳು.

"ಬೆಳಕು ಸ್ವಲ್ಪ ಸರಿಮಾಡ್ದೆ. ಎಲ್ಲಾದಕ್ಕೂ ಮಾಡೋದೇ."

"ಮೂಲ ಎಲ್ಲಿ?"

"ಜಾಗ ಸಾಲ್ದೆ ಅಳಿಸ್ಬಿಟ್ಟೆ."

ಮಾಲೀಕ ಗರಕ್ಕನೆ ತಿರುಗಿದ. "ರಾ ಫೈಲ್ ಅಳಿಸಿದ್ಯಾ? ನಾನು ಅಳಿಸಿದ್ರೂ ಜಗಳಕ್ಕೆ ಬರೋಳು ನೀನು!"

ಆಮೇಲೆ ಅವನೇ ಬಿಡಿಸಿ ಹೇಳಿದ. ಕ್ಯಾಮೆರಾ ಕಂಡಿದ್ದೆಲ್ಲ ಹಸಿಹಸಿಯಾಗಿ ರಾ ಫೈಲಿನಲ್ಲಿ ಉಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಬಣ್ಣ ಎಷ್ಟೇ ತಿರುಗಿಸಿದರೂ ಅದು ಕೆಡದು. ತಿದ್ದಿದ್ದು ಬೇರೆ ಚಿತ್ರವಾಗಿ ಸೇವ್ ಆಗುತ್ತದೆ. ಕಂಪ್ಯೂಟರಿನಲ್ಲಿ ಇಲ್ಲದಿದ್ದರೇನು, ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಇದೆ.

ಕಾರ್ಡ್ ಹಾಕಿ ತೆರೆದ. ಅದೇ ಕಟ್ಟಡ, ಅದೇ ಹೆಂಗಸು, ಕೆಂಪು ಚೀಲ. ವ್ಯಾನೂ ಕೆಂಪು. ಮಾಲೀಕ ನೆರಳನ್ನು ಮೆಲ್ಲಗೆ ಬೆಳಗಿಸುತ್ತ ಹೋದ. ಕತ್ತಲಾಗಿದ್ದ ಪಕ್ಕದ ಮೈಮೇಲೆ ಅಕ್ಷರಗಳು ಮೂಡಿದವು: ಲಾಂಡ್ರಿ. ಅವನ ಕೈ ಮೌಸಿನ ಮೇಲೇ ನಿಂತಿತು.

"ಇದು ನಿಮ್ಮಪ್ಪನ ಗಾಡಿ ಅಲ್ವೇನಮ್ಮ?"

ಅವಳು ಅಳಲಿಲ್ಲ. "ಕೆಂಪನ್ನೆಲ್ಲ ಒಟ್ಟಿಗೇ ನೀಲಿಗೆ ತಿರುಗಿಸ್ಬಿಟ್ಟೆ. ಅವಸರ ಇತ್ತು. ಚೀಲ ನೋಡ್ಲೇ ಇಲ್ಲ."

ಕಾರ್ಡನ್ನು ಪಂಚರ ಎದುರು ವಶಪಡಿಸಿಕೊಂಡು ಲಾಂಡ್ರಿಗೆ ಹೋದರು. ಹಿತ್ತಲಲ್ಲಿ ಹಳೆ ಬೆಡ್‌ಶೀಟು ಹೊದ್ದ ಕೆಂಪು ವ್ಯಾನು, ಒಡೆದ ದೀಪ. ಒಳಗೆ ಅವಳ ಅಪ್ಪ ಕೈಯಲ್ಲೇ ತಡವಿ ಅಂಗಿ ಮಡಿಸುತ್ತಿದ್ದರು. ಒಂದು ಮಾರು ದೂರದಲ್ಲಿ ಸಮವಸ್ತ್ರದಲ್ಲಿ ನಿಂತವಳತ್ತ ಮುಖವೆತ್ತಿ, "ಬಟ್ಟೆ ಕೊಡೋಕಾ, ತಗೊಂಡು ಹೋಗೋಕಾ?" ಎಂದರು.

ಇನ್‌ಸ್ಪೆಕ್ಟರಿಗೆ ಅವರ ಮಬ್ಬು ಕಣ್ಣುಗಳು ಕಂಡವು.

"ಪೊಲೀಸ್. ಮಂಗಳವಾರ ಗಾಡಿ ಎಲ್ಲಿಗೆ ತಗೊಂಡು ಹೋಗಿದ್ರಿ?"

"ಬಟ್ಟೆ ಕೊಡೋಕೆ. ಏನೋ ತಗುಲ್ದಂಗಾಯ್ತು. ಮನೆಗೆ ಬಂದು ಮಗಳಿಗೆ ಹೇಳ್ದೆ. ಅವಳು ವಿಚಾರಿಸ್ಕೊಂಡು ಬಂದು, ತಳ್ಳುಗಾಡಿ ಕಣಪ್ಪಾ, ಯಾರಿಗೂ ಏನೂ ಆಗಿಲ್ಲ ಅಂದ್ಲು."

ಸಾಕ್ಷ್ಯನಾಶದ ಆರೋಪದ ಮೇಲೆ ಮಗಳನ್ನು ಆ ಸಂಜೆಯೇ ಬಂಧಿಸಿದರು. ಪ್ಲಂಬರನ ಬಿಡುಗಡೆಗೆ ವರದಿ ಹೋಯಿತು.

"ಒಬ್ಬ ಅಮಾಯಕ ಒಳಗಿದಾನೆ ಅಂತ ಗೊತ್ತಿತ್ತಾ?" ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಮಗಳನ್ನು ಕೇಳಿದಳು.

"ಗೊತ್ತಿತ್ತು. ನಿನ್ನೆ ರಾತ್ರಿ ಊಟ ಸೇರ್ಲಿಲ್ಲ. ಆದ್ರೂ ಬಾಯಿ ಬಿಡ್ಲಿಲ್ಲ."

ಅಪ್ಪನ ಕಣ್ಣು ಇನ್ನು ತಿಳಿಯಾಗದು, ಗಾಡಿ ಮುಟ್ಟಕೂಡದು ಎಂದು ಡಾಕ್ಟರು ಹೋದ ವರ್ಷವೇ ಅವಳಿಗೆ ಹೇಳಿದ್ದರು. ಅಪ್ಪನಿಗೆ ಅವಳು ಹೇಳಿದ್ದು ಬೇರೆ: ಬರೀ ಸುಸ್ತು, ಹೋಗುತ್ತೆ ಅಂತ. ಅಮ್ಮ ಹೋದ ಮೇಲೆ ಅಪ್ಪ ನಕ್ಕಿದ್ದು ಸ್ಟೀರಿಂಗ್ ಹಿಡಿದಾಗ ಮಾತ್ರ. ಅದಕ್ಕೇ ದಿನಾ ಪಕ್ಕದಲ್ಲಿ ಕೂತು ಬಸ್ಸು ಬಂತು, ಎಡಕ್ಕೆ ತಿರುಗು ಎನ್ನುತ್ತಿದ್ದಳು. ಮಂಗಳವಾರ ಸ್ಟುಡಿಯೋದಲ್ಲಿ ಕೆಲಸ ಮುಗಿಯಲಿಲ್ಲ. ಅಪ್ಪ ಕಾಯಲಿಲ್ಲ.

"ಆಯಮ್ಮ ಹೇಗಿದಾರೆ?" ಎಂದಳು.

"ಇನ್ನೂ ಎಚ್ಚರ ಆಗಿಲ್ಲ."

ಪಕ್ಕದ ಕೋಣೆಯ ಬೆಂಚಿನಲ್ಲಿ ಅಪ್ಪ ಕೂತಿದ್ದರು. ಅವರನ್ನೂ ಬಂಧಿಸಬೇಕಿತ್ತು, ಆದರೆ ತಾವು ಗುದ್ದಿದ್ದು ಒಬ್ಬ ಹೆಂಗಸಿಗೆಂದು ಅವರಿಗಿನ್ನೂ ತಿಳಿಯದು.

"ಅಪ್ಪನಿಗೆ ಯಾರು ಹೇಳ್ತೀರಿ?"

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು. "ನೀನೇ ಹೇಳಮ್ಮ. ಈ ಸಲ ಇದ್ದಿದ್ದು ಇದ್ದ ಹಾಗೆ."

ಅವಳು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದ ಕೋಣೆಗೆ ಹೋದಳು.