ಹಗ್ಗಕ್ಕೆ ತಾಗದಷ್ಟು ಭಾರ

ಟ್ರೇಲರಿನ ನೆತ್ತಿಯ ಮೇಲೆ ನಿಂತಿದ್ದ ಗಂಡಸಿಗೆ ಅವಳು ಆಡಿದ ಮೊದಲ ಮಾತೇ ಜಗಳದ ಮಾತು.

"ಯಾರನ್ನ ಕೇಳಿ ಹತ್ತಿದ್ರಿ?"

ಅವನು ಅಳತೆಯ ಟೇಪನ್ನು ಕೆಳಗೆ ಇಳಿಬಿಡುತ್ತಲೇ ಬಗ್ಗಿ ನೋಡಿದ. "ಶೆಡ್ ಹಾಕ್ಬೇಕು ಅಂತ ಫೋನ್ ಮಾಡಿದ್ದು ನೀವೇ ಅಲ್ವಾ ಮೇಡಂ? ಎರಡು ಸಲ ಬೆಲ್ ಒತ್ತಿದೆ, ಯಾರೂ ಬರ್ಲಿಲ್ಲ. ಸುಮ್ನೆ ನಿಲ್ಲೋ ಬದಲು ಏಣಿ ಹಾಕ್ದೆ. ಆ ತುದೀನ ಸ್ವಲ್ಪ ನೆಲಕ್ಕೆ ಒತ್ತಿ ಹಿಡೀತೀರಾ?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಬಗ್ಗಿ ಟೇಪಿನ ತುದಿಯನ್ನು ಒತ್ತಿ ಹಿಡಿದಳು. ಅವನು ಅಳತೆ ಓದಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಚೀಟಿಯೊಂದರ ಮೇಲೆ ಬರೆದುಕೊಂಡ. ಇಳಿದು ಬಂದವನ ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಮಾತ್ರ ಧಾರಾಳವಾಗಿತ್ತು.

"ಒಳಗೇನಿದೆ ಇಷ್ಟು ಭದ್ರವಾಗಿ ಬೀಗ ಹಾಕಿರೋದು?"

"ಇನ್ನೂರು ತೂಕದ ಕಲ್ಲು. ಒಂದೊಂದೂ ಇಪ್ಪತ್ತು ಕೇಜಿ."

ಅವನು ಟ್ರೇಲರನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಟ್ರೇಲರನ್ನು ನೋಡಿದ. "ನೀವೇ ಓಡಿಸ್ತೀರಾ?"

"ಯಾಕೆ, ಡ್ರೈವರ್ ಕೆಲಸ ಬೇಕಾಗಿತ್ತಾ?"

ಮಿಲ್ಲುಗಳಲ್ಲಿ, ಗೋದಾಮುಗಳಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಪರೀಕ್ಷಿಸುವುದು ಅವಳ ಕಸುಬು. ಮುದ್ರೆ ಒತ್ತಿದ ಕಬ್ಬಿಣದ ಕಲ್ಲುಗಳನ್ನು ಅದರ ಮೇಲೆ ಪೇರಿಸಿ ನೋಡಬೇಕು. ಬೀದಿಯವರು ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿದ್ದರು, ಅರ್ಧ ಗೌರವ, ಅರ್ಧ ಗೇಲಿ. ಅವಳು ಎರಡನ್ನೂ ಒಂದೇ ಮುಖದಲ್ಲಿ ಸ್ವೀಕರಿಸುತ್ತಿದ್ದಳು.

ಕಷ್ಟ ಬಂದದ್ದು ಟ್ರೇಲರಿನ ಚಾವಣಿ ಸೋರತೊಡಗಿದ ಮೇಲೆ. ಕಲ್ಲಿಗೆ ತುಕ್ಕು ಹಿಡಿದರೆ ತೂಕ ತಪ್ಪುತ್ತದೆ. ಈ ತಿಂಗಳೊಳಗೆ ಗಾಡಿಗೊಂದು ಸೂರು ತೋರಿಸದಿದ್ದರೆ ಲೈಸೆನ್ಸ್ ಮರೆತುಬಿಡಿ ಎಂದು ತೂಕ ಅಳತೆ ಇಲಾಖೆಯವರು ಕಡ್ಡಿ ಮುರಿದಂತೆ ಹೇಳಿದ್ದರು. ಮನೆಯ ಪಕ್ಕದ ಖಾಲಿ ಜಾಗ ಸಾಕಿತ್ತು. ಆದರೆ ಅದರ ಮೇಲೆ ಅಣ್ಣನ ಕಣ್ಣೂ ಇತ್ತು. ಅಲ್ಲಿ ಎರಡು ಕೋಣೆ ಎಬ್ಬಿಸಿ ಬಾಡಿಗೆಗೆ ಕೊಡಬೇಕು, ತಂಗಿ ಗಾಡಿ ಮಾರಿ ಎಲ್ಲಾದರೂ ಆಫೀಸಿನಲ್ಲಿ ಕುರ್ಚಿ ಹಿಡಿದು ಕೂರಬೇಕು, ಇದು ಅವನ ಲೆಕ್ಕಾಚಾರ.

ಮನೆ ಅಮ್ಮನ ಹೆಸರಿನಲ್ಲಿತ್ತು. ದಿನವೂ ಊಟದ ಹೊತ್ತಿಗೆ ಏಳುವ ಜಗಳ ಕೇಳಿ ಕೇಳಿ ಅಮ್ಮ ಒಂದು ದಿನ ತಟ್ಟೆ ಸರಿಸಿ ತೀರ್ಪು ಕೊಟ್ಟಿದ್ದರು.

"ಭಾನುವಾರ ಬೆಳಿಗ್ಗೆ ಆ ಜಾಗದೊಳಗೆ ಗಾಡಿ ಬಿಟ್ಟು ತೋರಿಸು. ಎಲ್ಲೂ ತಾಗದೆ ಹೋದ್ರೆ ಜಾಗ ನಿನ್ನದು. ತಾಗಿದ್ರೆ ಅವನದು. ಆಮೇಲೆ ಇಬ್ಬರೂ ಬಾಯಿ ಮುಚ್ಕೊಂಡು ಊಟ ಮಾಡ್ಬೇಕು."

ಅಣ್ಣ ಅದಕ್ಕೂ ಒಂದು ಕೊಕ್ಕೆ ಹಾಕಿದ್ದ. ಶೆಡ್ಡಿನ ತಗಡು ಮಹಡಿಯ ಮೇಲಿರುವ ಅವನ ಕಿಟಕಿಯ ಕೆಳಗೇ ನಿಲ್ಲಬೇಕು. ಹಾಗಾಗಿ ಅಡ್ಡತೊಲೆಗೆ ಉಳಿದದ್ದು ಟ್ರೇಲರಿನ ಎತ್ತರದಷ್ಟೇ ಎತ್ತರ, ಒಂದು ನೂಲು ಹೆಚ್ಚಿಲ್ಲ.

ಆ ವಾರವೆಲ್ಲ ಶೆಡ್ಡಿನವನು ದಿನಾ ಬಂದ. ಬರಲೇಬೇಕಾದಷ್ಟು ಕೆಲಸ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಂಬಗಳ ಜಾಗ ಬರೆದ. ಗೇಟಿನ ಕಲ್ಲುಕಂಬವನ್ನು ಸರಿಸದೆ ಆಗದು ಎಂದು ತೋರಿಸಲು ಬೆಂಕಿಪೊಟ್ಟಣವನ್ನು ಟ್ರೇಲರ್ ಮಾಡಿಕೊಂಡು ಜಗುಲಿಯ ಮೇಲೆ ಹಿಂದೆ ಮುಂದೆ ಓಡಿಸಿದ.

"ಇಲ್ಲಿ ಬಾಲ ಬೀಸುತ್ತೆ ನೋಡಿ."

"ನೀವು ಓಡಿಸಿದ್ರೆ ಬೀಸುತ್ತೆ. ಕೊಡಿ ಇಲ್ಲಿ," ಎಂದು ಬೆಂಕಿಪೊಟ್ಟಣ ಕಿತ್ತುಕೊಂಡು, ಒಂದೇ ಸಲಕ್ಕೆ ಗೆರೆಗೆ ತಾಗದಂತೆ ಒಳಗೆ ಬಿಟ್ಟಳು.

ಅವನು ಬೆಂಕಿಪೊಟ್ಟಣ ನೋಡುತ್ತಿರಲಿಲ್ಲ. ಅವಳ ಬೆರಳುಗಳ ಮೇಲಿನ ಗ್ರೀಸಿನ ಕಲೆಗಳನ್ನು, ಹಣೆಗೆ ಇಳಿದ ಕೂದಲನ್ನು ಅವಳು ಮೊಣಕೈಯಿಂದ ಹಿಂದೆ ಸರಿಸಿದ್ದನ್ನು ನೋಡುತ್ತಿದ್ದ. ಅವಳು ತಲೆ ಎತ್ತಿದಾಗ ಸಿಕ್ಕಿಬಿದ್ದ.

"ಏನಳೀತಿದೀರಾ?"

"ಅಳತೆಗೆ ಸಿಗದೇ ಇರೋದನ್ನ," ಎಂದುಬಿಟ್ಟು, ಕಿವಿ ಕೆಂಪಾಗಿಸಿಕೊಂಡು, ಇಲ್ಲದ ಸೀಮೆಸುಣ್ಣ ಹುಡುಕಲು ಹೋದ.

ಅವಳಿಗೆ ಅಂದು ರಾತ್ರಿಯೂಟ ಸೇರಲಿಲ್ಲ. ಇಷ್ಟು ವರ್ಷ ಮಿಲ್ಲು ಮಾಲೀಕರ ಬೆದರಿಕೆಗೆ ಜಗ್ಗದವಳು ಹೀಗೆ ಒಂದು ಮಾತಿಗೆ ಕರಗಬಾರದು ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈಗುಳ ಹತ್ತಲಿಲ್ಲ. ಅವನು ಅವಳಿಗೆ ಇಷ್ಟವಾಗಿದ್ದ, ಅಷ್ಟೇ.

ಶನಿವಾರ ಎರಡು ಸಂಗತಿ ನಡೆದವು. ಬೆಳಿಗ್ಗೆ ಅಣ್ಣ, "ಅಷ್ಟು ಭಾರಕ್ಕೆ ಗೇಟಿನ ಹತ್ತಿರದ ಚರಂಡಿ ಚಪ್ಪಡಿ ಮುರಿದ್ರೆ ಅಲ್ಲಿಗೇ ಆಟ ಮುಗೀತು," ಎಂದು ಹೆದರಿಸಿದ. ಅವಳು ಎಂದೂ ಅವನ ಮಾತಿಗೆ ಸೊಪ್ಪು ಹಾಕಿದವಳಲ್ಲ. ಈ ಸಲ ಹಾಕಿದಳು. ಇಬ್ಬರು ಹಮಾಲಿಗಳನ್ನು ಕರೆಸಿ ಇನ್ನೂರು ಕಲ್ಲನ್ನೂ ಇಳಿಸಿ, ಗೋಡೆ ಪಕ್ಕ ಪೇರಿಸಿ, ಟಾರ್ಪಾಲು ಹೊದಿಸಿದಳು. ಸಂಜೆ ನೋಡಿದರೆ ಗೇಟಿನ ಬಳಿ ಅಣ್ಣನೂ ಶೆಡ್ಡಿನವನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಣ್ಣನ ಕೈ ಅವನ ಹೆಗಲ ಮೇಲಿತ್ತು. ಅವಳು ಅಲ್ಲಿಂದಲೇ ಒಳಗೆ ಹಿಂತಿರುಗಿದಳು.

ಭಾನುವಾರ ಬೆಳಿಗ್ಗೆ ಅಣ್ಣ ತಾನೇ ಎರಡು ಗಳ ನೆಟ್ಟು, ಅಡ್ಡತೊಲೆಯ ಬದಲಿಗೆ, ಚೀಟಿಯಲ್ಲಿ ಬರೆದಿದ್ದ ಎತ್ತರಕ್ಕೇ ಬಿಗಿಯಾಗಿ ಹಗ್ಗ ಕಟ್ಟಿದ. ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಎದುರುಮನೆಯವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಕಾಂಪೌಂಡಿಗೆ ಆತುಕೊಂಡರು.

ಅವಳು ಎಳೆಯುವ ಲಾರಿ ಹತ್ತಿ, ಕನ್ನಡಿ ನೋಡುತ್ತ, ಸ್ಟೀರಿಂಗನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತ ಟ್ರೇಲರನ್ನು ಹಿಂದಕ್ಕೆ ಬಿಟ್ಟಳು. ಗೇಟು ದಾಟಿತು. ಚಪ್ಪಡಿ ದಾಟಿತು. ಅಷ್ಟರಲ್ಲಿ ಹಗ್ಗ ಟ್ರೇಲರಿನ ನೆತ್ತಿಗೆ ಸಿಕ್ಕಿ, ಎರಡೂ ಗಳ ಬಾಗಿ, ಒಂದು ಕಿತ್ತುಕೊಂಡು ಬಿತ್ತು.

"ನಾಲ್ಕು ಬೆರಳು," ಅಣ್ಣ ಚಪ್ಪಾಳೆ ತಟ್ಟಿದ. "ನಾನು ಮೊದಲೇ ಹೇಳಿರ್ಲಿಲ್ವಾ?"

ಅವಳು ಇಳಿದು ನೇರ ಶೆಡ್ಡಿನವನ ಎದುರು ಹೋಗಿ ನಿಂತಳು. "ನಿನ್ನೆ ನಮ್ಮಣ್ಣನ ಜೊತೆ ಏನು ಮಾತು?"

"ಜಾಗ ಸಾಲಲ್ಲ ಅಂತ ಬರೆದುಕೊಡು ಅಂದ್ರು," ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮಪ್ಪ ಬಂದು ಕೇಳಿದ್ರೂ ತಪ್ಪು ಅಳತೆ ಬರೆಯಲ್ಲ ಅಂದೆ."

"ಹಾಗಾದ್ರೆ ಈ ನಾಲ್ಕು ಬೆರಳು ಎಲ್ಲಿಂದ ಬಂತು?"

ಅವನು ಟ್ರೇಲರಿನ ಸುತ್ತ ಒಂದು ಸುತ್ತು ಬಂದ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ಪ್ರಿಂಗ್ ಪಟ್ಟಿಗಳನ್ನು ಮುಟ್ಟಿ ನೋಡಿದ. ಆಮೇಲೆ ಗೋಡೆ ಪಕ್ಕದ ಟಾರ್ಪಾಲಿನ ಗುಡ್ಡೆಯ ಕಡೆ ಅವನ ಕಣ್ಣು ಹೋಯಿತು.

"ನಾನು ಅಳೆದ ದಿನ ಕಲ್ಲು ಒಳಗಿತ್ತು ಅಲ್ವಾ?"

ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ನಾಲ್ಕು ಟನ್ ಇಳಿದರೆ ಸ್ಪ್ರಿಂಗು ಮೇಲೇಳುತ್ತದೆ, ಗಾಡಿ ಎತ್ತರವಾಗುತ್ತದೆ. ಜೀವನವೆಲ್ಲ ಭಾರವನ್ನೇ ಅಳೆದವಳಿಗೆ ಎತ್ತರದ ನೆನಪಾಗಲಿಲ್ಲ. ಎತ್ತರವನ್ನೇ ಅಳೆಯುವವನಿಗೆ ಭಾರದ ನೆನಪಾಗಿರಲಿಲ್ಲ. ಒಬ್ಬರಿಗಿಂತ ಒಬ್ಬರು ಜಾಣರು.

ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಅಣ್ಣನ ಮೇಲಲ್ಲ, ತನ್ನ ಮೇಲೆ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಅಣ್ಣನಿಗೆ ಹೆದರಿ ತನ್ನ ಭಾರ ತಾನೇ ಇಳಿಸಿಕೊಂಡಿದ್ದಳು. ಸಿಕ್ಕಿಹಾಕಿಕೊಂಡದ್ದೂ ಆ ಒಂದೇ ಸಲ.

"ಅಮ್ಮ, ಇನ್ನೊಂದು ಸಲ ಬಿಡ್ತೀನಿ. ಕಲ್ಲು ತುಂಬಿ," ಎಂದಳು.

"ಆಟ ಮುಗೀತು," ಅಣ್ಣ ಅಡ್ಡ ಬಂದ. "ತಾಗಿದ್ರೆ ನಂದು ಅಂತ ಮಾತಾಗಿತ್ತು. ಖಾಲಿ ಗಾಡಿಯೇ ಹೋಗ್ಲಿಲ್ಲ, ಇನ್ನು ತುಂಬಿದ್ದು ಹೋಗುತ್ತಾ?"

"ನನ್ನ ಗಾಡಿ ಖಾಲಿ ಇರೋ ಗಾಡಿಯಲ್ಲ ಅಣ್ಣ. ಅದು ದುಡಿಯೋ ಗಾಡಿ. ಅದು ಇರೋ ಹಾಗೇ ಒಳಗೆ ಬರುತ್ತೆ. ನಾನೂ ಅಷ್ಟೇ."

ಅಮ್ಮ ಮಗಳ ಕಡೆ ತಿರುಗಿದರು. "ಇವತ್ತು ಇನ್ನೂ ಭಾನುವಾರವೇ ತಾನೇ," ಎಂದು ಟೀ ಲೋಟ ಕೈಗೆತ್ತಿಕೊಂಡರು.

ಭಾನುವಾರ ಹಮಾಲಿಗಳು ಸಿಗುವುದಿಲ್ಲ. ಶೆಡ್ಡಿನವನು ಅಂಗಿಯ ತೋಳು ಮಡಚಿದ. ಮೊದಲು ತನ್ನ ಗಾಡಿಯಿಂದ ದಪ್ಪ ಕಬ್ಬಿಣದ ತಗಡು ತಂದು ಚಪ್ಪಡಿಯ ಮೇಲೆ ಹಾಸಿದ. ಆಮೇಲೆ ಕೆಳಗೆ ನಿಂತು ಒಂದೊಂದೇ ಕಲ್ಲು ಎತ್ತಿಕೊಟ್ಟ. ಅವಳು ಮೇಲೆ ನಿಂತು ತೆಗೆದುಕೊಂಡು ಸಾಲಾಗಿ ಕೂರಿಸಿದಳು. ಹತ್ತು ಕಲ್ಲಿಗೆ ಇಬ್ಬರೂ ಬೆವೆತರು. ಐವತ್ತಕ್ಕೆ ಮಾತು ನಿಂತಿತು. ನೂರರ ಹೊತ್ತಿಗೆ ಯಾವ ಕಲ್ಲಿನ ಹಿಡಿಯಲ್ಲಿ ಯಾರ ಬೆರಳು ಯಾರ ಬೆರಳನ್ನು ಮುಟ್ಟಿತು ಎಂದು ನೋಡುವುದನ್ನು ಇಬ್ಬರೂ ಬಿಟ್ಟಿದ್ದರು. ಆದರೆ ಮುಟ್ಟಿದ್ದು ಒಂದೂ ಇಬ್ಬರ ಗಮನ ತಪ್ಪಲಿಲ್ಲ.

"ಅನುಮಾನ ಪಟ್ಟೆ," ನೂರಾ ಇಪ್ಪತ್ತನೆಯದಕ್ಕೆ ಅವಳು ಹೇಳಿದಳು.

"ಗೊತ್ತಾಯ್ತು."

"ಬೇಜಾರಾಯ್ತಾ?"

"ಆಯ್ತು." ಇನ್ನೊಂದು ಕಲ್ಲು ಎತ್ತಿಕೊಟ್ಟ. "ಬೇಜಾರಾದವನು ಇಷ್ಟೊಂದು ಕಲ್ಲು ಹೊರ್ತಾನಾ, ನೀವೇ ಹೇಳಿ."

ಬಿಸಿಲೇರಿತ್ತು. ಅಣ್ಣ ಮತ್ತೆ ಹಗ್ಗ ಕಟ್ಟಿದ, ಅದೇ ಎತ್ತರಕ್ಕೆ. ಬ್ರಷ್ ಹಿಡಿದಿದ್ದ ಎದುರುಮನೆಯವರು ತಿಂಡಿ ಮುಗಿಸಿ ಬಂದು ಮತ್ತೆ ಆತುಕೊಂಡರು. ಅವಳು ಟ್ರೇಲರನ್ನು ಹಗ್ಗದ ಅಂಚಿನವರೆಗೆ ಬಿಟ್ಟು ನಿಲ್ಲಿಸಿ, ಇಳಿದು ಬಂದು ಕತ್ತೆತ್ತಿ ನೋಡಿದಳು. ನಾಲ್ಕು ಬೆರಳು ಇಳಿದಿತ್ತು. ಆದರೂ ನೆತ್ತಿಯ ಅಂಚು ಹಗ್ಗವನ್ನು ಕೂದಲೆಳೆಯಷ್ಟು ಸವರುತ್ತಿತ್ತು.

"ತಾಗ್ತಿದೆ," ಎಂದ ಅಣ್ಣ.

ಅವಳು ಹಿಂಬಾಗಿಲು ತೆರೆದು ಸಾಲುಗಳನ್ನು ಎಣಿಸಿದಳು. ಇನ್ನೂರಕ್ಕೆ ಇನ್ನೂರು ಕಲ್ಲೂ ಒಳಗಿದ್ದವು. ಅಳೆದ ದಿನ ಇದ್ದು ಇಂದು ಇಲ್ಲದ್ದು ಏನು? ಆ ದಿನವನ್ನು ಮೊದಲಿನಿಂದ ನೆನೆದಳು. ಬೆಲ್, ಏಣಿ, ಮೇಲಿನಿಂದ ಇಳಿದ ಟೇಪು, ಬಗ್ಗಿ ನೋಡಿದ ಮುಖ. ಅವಳ ತುಟಿ ಅಂಚಿನಲ್ಲಿ ನಗು ಮೂಡಿತು.

"ನಿಮ್ಮ ತೂಕ ಎಷ್ಟು?" ಎಂದು ಶೆಡ್ಡಿನವನನ್ನು ಕೇಳಿದಳು.

"ಯಾಕೆ?"

"ಅಳೆದ ದಿನ ನೀವು ನನ್ನ ಗಾಡಿ ಮೇಲೆ ನಿಂತಿದ್ರಿ. ಆ ಅಳತೆಯಲ್ಲಿ ನೀವೂ ಇದೀರಿ. ಹತ್ತಿ ಒಳಗೆ."

ಅವನು ಹತ್ತಿ ಕಲ್ಲುಗಳ ನಡುವೆ ನಿಂತ. ಟ್ರೇಲರು ಒಂದು ಉಸಿರು ಬಿಟ್ಟಷ್ಟು ಕೆಳಗಿಳಿಯಿತು. ಅವಳು ಮತ್ತೆ ಸ್ಟೀರಿಂಗ್ ಹಿಡಿದು, ಕನ್ನಡಿಯಲ್ಲಿ ಹಗ್ಗವನ್ನೇ ನೋಡುತ್ತ, ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಹಗ್ಗ ಅಲ್ಲಾಡಲಿಲ್ಲ. ಟ್ರೇಲರು ಪೂರ್ತಿ ಒಳಗೆ ಹೋಗಿ, ಸೀಮೆಸುಣ್ಣದ ಕೊನೆಯ ಗೆರೆಯ ಮೇಲೆ ನಿಂತಿತು.

ಅಮ್ಮ ಎದ್ದು ಕುರ್ಚಿ ಮಡಚಿದರು. "ಜಾಗ ಅವಳದು," ಎಂದರು. ಅಣ್ಣ ಬಾಯಿ ತೆರೆದ. "ಊಟದ ಹೊತ್ತಾಯ್ತು," ಎಂದು ಅಮ್ಮ ಒಳಗೆ ನಡೆದರು. ಅವನು ಮುಖ ಊದಿಸಿಕೊಂಡು ಹಗ್ಗ ಬಿಚ್ಚತೊಡಗಿದ.

ಅವಳು ಟ್ರೇಲರಿನ ಹಿಂಬಾಗಿಲು ತೆರೆದಳು. ಒಳಗೆ ಕಲ್ಲುಗಳ ಮೇಲೆ ಕೂತು ಅವನು ಬೆವರು ಒರೆಸಿಕೊಳ್ಳುತ್ತಿದ್ದ.

"ನಾಳೆ ನೆಲ ಒಂದು ಗೇಣು ತಗ್ಗಿಸ್ತೀನಿ," ಎಂದ. "ಆಮೇಲೆ ಖಾಲಿ ಬಂದ್ರೂ ತಾಗಲ್ಲ. ಪ್ರತಿ ಸಲ ನಾನು ಒಳಗೆ ಇರ್ಬೇಕು ಅಂತೇನಿಲ್ಲ."

"ತಗ್ಗಿಸಿ," ಎಂದಳು.

ಅವನ ಮುಖ ಸಣ್ಣಗಾಯಿತು. ಅವಳು ಮೇಲೆ ಹತ್ತಿ, ಅವನ ಪಕ್ಕದ ಕಲ್ಲಿನ ಮೇಲೆ ಕೂತು, ಅವನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡಳು.

"ನೆಲ ಎಷ್ಟು ಬೇಕಾದ್ರೂ ತಗ್ಗಿಸಿ. ಆದ್ರೂ ನೀವು ಇರ್ಬೇಕು. ನಂಗೆ ನೀವು ಬೇಕು. ಅದಕ್ಕೆ ಯಾರು ಎಲ್ಲಿ ಹಗ್ಗ ಕಟ್ತಾರೋ ಕಟ್ಲಿ."

ಹೊರಗೆ ಹಗ್ಗ ಬಿಚ್ಚುತ್ತಿದ್ದ ಅಣ್ಣನಿಗೂ ಅದು ಕೇಳಿಸಿತು. ಕೇಳಿಸಲಿ ಎಂದೇ ಅವಳು ಗಟ್ಟಿಯಾಗಿ ಹೇಳಿದ್ದಳು.