ಬಲಗಡೆಯ ಬೀಗ

ಗುರುವಾರ ಸಂಜೆ ಆರೂವರೆಗೆ ಠಾಣೆಗೆ ಬಂದ ದೂರುದಾರಳು ಮಾಸ್ಕಿನೊಳಗೇ ಅಳುತ್ತಿದ್ದಳು. ಆಕೆಯ ತಂದೆ ನಿವೃತ್ತ ಮೇಷ್ಟ್ರು, ಉಬ್ಬಸದ ರೋಗಿ. ಮಧ್ಯಾಹ್ನ ಊಟ ಮುಗಿಸಿ ‘ಹೀಗೆ ಹೋಗಿ ಹಾಗೆ ಬಂದೆ’ ಎಂದು ಹೊರಟವರು ಸಂಜೆ ಪೇಟೆ ಬೀದಿಯ ಕಟಿಂಗ್ ಶಾಪಿನ ನೆಲದ ಮೇಲೆ, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡೇ, ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅಂಗಡಿಗೆ ಹೊರಗಿನಿಂದ ಯಾರೋ ಬೀಗ ಜಡಿದಿದ್ದರು. ಈಗ ಅವರು ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದರು.

“ಬೀಗ ಹಾಕಿದವರು ಯಾರು ಅಂತ ಗೊತ್ತಾಗ್ಬೇಕು ಸಾರ್,” ಎಂದಳು. “ಅಪ್ಪ ಒಳಗಿದ್ದಾರೆ ಅಂತ ಗೊತ್ತಿದ್ದೇ ಹಾಕಿದಾರೆ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡು ದಫೇದಾರನ ಜೊತೆ ಸ್ಥಳಕ್ಕೆ ಹೊರಟರು. ಸೋಂಕಿನ ಕಾರಣ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂಬ ಆದೇಶ ಬಂದು ಎರಡನೇ ತಿಂಗಳು ನಡೆಯುತ್ತಿತ್ತು. ಪೇಟೆ ಬೀದಿಯಲ್ಲಿ ಶಟರುಗಳೆಲ್ಲ ಕೆಳಗಿಳಿದು, ಎಲ್ಲದಕ್ಕೂ ಬೀಗ ಬಿದ್ದಿತ್ತು. ಅಷ್ಟೊಂದು ವಿಧೇಯವಾದ ಬೀದಿಯನ್ನು ಕಂಡರೆ ಅನುಮಾನ ಬರದ ಪೊಲೀಸು ಪೊಲೀಸೇ ಅಲ್ಲ.

ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು. ಒಂದು ಕುರ್ಚಿ, ಒಡೆಯದ ಕನ್ನಡಿ, ಒಣಗಿದ ಸೋಪಿನ ನೊರೆ, ಕಿಟಕಿಯಿಲ್ಲದ ಮೂರು ಗೋಡೆ. ಶಟರಿನ ಎರಡು ತುದಿಗೂ ಬೀಗ ಹಾಕುವ ಕೊಂಡಿಗಳಿದ್ದವು. ಎಡಗಡೆಯ ಕೊಂಡಿ ಖಾಲಿ. ಬಲಗಡೆಯ ಕೊಂಡಿಯ ಕೆಳಗೆ, ಕಲ್ಲಿನಿಂದ ಜಜ್ಜಿ ಕಿತ್ತ ಒಂದು ಹಿತ್ತಾಳೆ ಬೀಗ ಬಿದ್ದಿತ್ತು. ಅದನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು.

ಮೇಷ್ಟ್ರ ಜೊತೆ ಒಳಗೇ ಸಿಕ್ಕಿಕೊಂಡಿದ್ದ ಅಂಗಡಿಯವನನ್ನು ಠಾಣೆಯಲ್ಲಿ ಕೂರಿಸಿದರು. ವಯಸ್ಸು ಮೂವತ್ತರ ಆಚೀಚೆ, ಅಂಗಿಯ ತುಂಬ ಮೇಷ್ಟ್ರ ನೆರೆಗೂದಲು.

“ಎಷ್ಟು ಹೊತ್ತು ಒಳಗಿದ್ರಿ?”

“ಮಧ್ಯಾಹ್ನದಿಂದ ಸಂಜೆವರೆಗೂ ಸಾರ್.”

“ಮೇಷ್ಟ್ರಿಗೆ ಉಸಿರು ಕಟ್ತಾ ಇತ್ತು. ಮೊದಲೇ ಕೂಗಲಿಲ್ಲ ಯಾಕೆ?”

ಅವನು ಅಂಗಿಯ ಮೇಲಿನ ಕೂದಲು ಕೊಡವಿಕೊಂಡ.

“ಈ ಬೀಗ ಯಾರದು?”

ಅವನು ಬೀಗವನ್ನು ಒಮ್ಮೆ ನೋಡಿದ. ಆಮೇಲೆ ಗೋಡೆ ನೋಡಿದ, ನೆಲ ನೋಡಿದ, ಬೀಗದ ಕಡೆ ಮಾತ್ರ ತಿರುಗಲಿಲ್ಲ. “ಗೊತ್ತಿಲ್ಲ ಸಾರ್. ಯಾರದೋ.”

ಇನ್ಸ್‌ಪೆಕ್ಟರಿಗೆ ಇದು ಸರಿ ಕಾಣಲಿಲ್ಲ. ಇಲಿಯ ಹಾಗೆ ಕೂಡಿಹಾಕಿಸಿಕೊಂಡ ಮನುಷ್ಯ ಕೂಡಿಹಾಕಿದವನಿಗೆ ನಾಲ್ಕು ಬೈಗುಳವನ್ನಾದರೂ ಉದುರಿಸಬೇಕಿತ್ತು. ಇವನಿಗೆ ಕೋಪವೇ ಇರಲಿಲ್ಲ.

“ಪಕ್ಕದ ಟೈಲರೇ ಸಾರ್,” ಎಂದ ದಫೇದಾರ. “ಬೀಗ ಒಡೆದವನೂ ಅವನೇ. ಹಾಕಿದವನೂ ಅವನೇ ಇರಬೇಕು. ಇವತ್ತೇ ಎಳ್ಕೊಂಡು ಬಂದು ಮುಗಿಸಿಬಿಡೋಣ.” ಅವನ ಅವಸರ ತುಸು ಹೆಚ್ಚಾಯಿತು ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಬೀದಿಯವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಪಾತ್ರೆ ಅಂಗಡಿಯವನು ಮನೆಯಲ್ಲಿ ನಿದ್ದೆ ಮಾಡುತ್ತಿದ್ದನಂತೆ. ಮೊಬೈಲ್ ರಿಪೇರಿಯವನು ಬೀದಿ ಕಡೆ ತಲೆ ಹಾಕಿಯೂ ಮಲಗಿರಲಿಲ್ಲವಂತೆ. ಕೇಳುವ ಮೊದಲೇ “ನಾನಂತೂ ಅಂಗಡಿ ತೆಗೆದಿಲ್ಲ ಸಾರ್” ಎಂದರು ಇಬ್ಬರೂ. ಕುಂಬಳಕಾಯಿ ಕಳ್ಳ ಎಂದರೆ ಬೀದಿಗೆ ಬೀದಿಯೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿತ್ತು. ಬೀಗ ಹಾಕಿದವರನ್ನು ಕಂಡೆ ಎಂದು ಹೇಳಬೇಕಾದರೆ, ತಾನೂ ಅಂಗಡಿಯಲ್ಲಿದ್ದೆ ಎಂದು ಒಪ್ಪಬೇಕಿತ್ತು.

ಟೈಲರ್ ಅರವತ್ತು ದಾಟಿದ ಆಸಾಮಿ. ಕುತ್ತಿಗೆಗೆ ಅಳತೆ ಟೇಪು, ತೋಳಿಗೆ ಹೊಸ ದಾರದ ಚೂರುಗಳು. ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಗೆ ಕೈ ತಾಗಿಸಿ ಹಿಂದೆಗೆದುಕೊಂಡರು. ಬಿಸಿಯಾಗಿತ್ತು.

“ಟೈಲರೇ, ನೀವು ಅಂಗಡಿ ತೆಗೆದದ್ದು ಬೇರೆ ಕೇಸು. ಅದಕ್ಕೆ ದಂಡ ಕಟ್ಟಿದರೆ ಮುಗೀತು. ಆದರೆ ಮೇಷ್ಟ್ರಿಗೆ ಹೆಚ್ಚುಕಡಿಮೆಯಾದರೆ ನಿಮ್ಮ ತಲೆಗೆ ಬರೋದು ಕೊಲೆ. ಯಾವುದು ಬೇಕು?”

ಟೈಲರ್ ಮಾಸ್ಕ್ ಕೆಳಗಿಳಿಸಿ, ನೆನಪಾಗಿ ಮತ್ತೆ ಮೇಲೇರಿಸಿದ. ಆಮೇಲೆ ಬೀದಿಯ ಗುಟ್ಟು ಹೊರಬಿತ್ತು.

ಶಟರಿಗೆ ಹೊರಗಿನಿಂದ ಬೀಗ ಕಂಡರೆ ಗಸ್ತಿನವರು ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಒಬ್ಬರಿಗೆ ಇನ್ನೊಬ್ಬರು ಬೀಗ ಹಾಕುತ್ತಿದ್ದರು. ಗಿರಾಕಿ ಒಳಗೆ ನುಸುಳಿದ ಕೂಡಲೇ ಪಕ್ಕದವನು ಹೊರಗಿನಿಂದ ಜಡಿಯಬೇಕು. ಕೆಲಸ ಮುಗಿದ ಮೇಲೆ ಒಳಗಿನವನು ಗೋಡೆ ಬಡಿಯಬೇಕು, ಪಕ್ಕದವನು ತೆಗೆಯಬೇಕು. ಬಡಿದರೂ ತೆಗೆಯದಿದ್ದರೆ ಬೀದಿಯಲ್ಲಿ ಪೊಲೀಸರಿದ್ದಾರೆ ಎಂದೇ ಅರ್ಥ. ಆಗ ಒಳಗಿನವರು ಕೆಮ್ಮಲೂ ಬಾರದು.

“ಎಡಗಡೆ ನಂದು ಹಾಕಿದ್ದೆ ಸಾರ್. ಅವನು ಗೋಡೆ ಬಡಿದಾಗ ಹೋಗಿ ತೆಗೆದೆ. ನೋಡಿದ್ರೆ ಬಲಗಡೆ ಇನ್ನೊಂದು ಬೀಗ! ನಿಮ್ಮೋರೇ ಬಂದು ಜಡಿದು ಹೋಗಿದಾರೆ ಅಂದ್ಕೊಂಡೆ. ವಾಪಸ್ ಬಂದು ಹಿಂಬಾಗಿಲು ಹಾಕ್ಕೊಂಡು ಕೂತೆ.”

“ಅವನು ಸುಮ್ಮನೆ ಕಾದ.”

“ನಮ್ಮ ಮಾತೇ ಹಾಗಿತ್ತಲ್ಲ ಸಾರ್. ಕೊನೆಗೆ ಅವನು ಕಿರುಚಿಕೊಂಡಾಗ ಕಲ್ಲು ತಗೊಂಡು ಓಡಿದೆ.” ಮುದುಕನ ಕಣ್ಣು ತುಂಬಿತು. “ಅರ್ಧ ಗಂಟೆ ಮುಂಚೆ ಓಡಬೇಕಿತ್ತು.”

“ಎರಡನೇ ಬೀಗ ಹಾಕಿದ್ದು ಯಾರು?”

“ನನ್ನ ಶಟರಿನ ಸಂದಿಯಿಂದ ಕಂಡದ್ದು ಬರೀ ಕೈ ಸಾರ್. ಹೆಂಗಸಿನ ಕೈ. ಹಾಕಿ ಮೂರು ಸಲ ಜಗ್ಗಿ ನೋಡಿದ್ಲು, ಮನೆಗೆ ಬೀಗ ಹಾಕಿ ಹೊರಟಾಗ ನೋಡ್ತೀವಲ್ಲ, ಹಾಗೆ. ಆಚೆ ಪಕ್ಕದ ಪಾತ್ರೆ ಅಂಗಡಿಯವನ ಹೆಂಡ್ತಿ ಅವರದಕ್ಕೆ ಹಾಕ್ತಿದಾಳೆ ಅಂದ್ಕೊಂಡು ಹೊಲಿಗೆಗೆ ತಿರುಗಿದೆ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮೇಷ್ಟ್ರು ತೀರಿಕೊಂಡಿದ್ದರು. ಎಫ್‌ಐಆರಿನ ಕಲಂ ಬದಲಾಯಿತು. ಇನ್ಸ್‌ಪೆಕ್ಟರ್ ಠಾಣೆಗೆ ಮರಳಿ ಮೊಹರು ಮಾಡಿದ ಚೀಲವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಬೀಗ ಹೊಸದಲ್ಲ. ಕೈಯಾಡಿ ಕೈಯಾಡಿ ಕಂಪನಿಯ ಹೆಸರೇ ಅಳಿಸಿತ್ತು. ಅದು ಯಾವುದೋ ಮನೆಯ ಬೀಗ, ಮತ್ತು ಅದನ್ನು ಕಂಡು ಮುಖ ತಿರುಗಿಸಿದವನು ಒಬ್ಬನೇ.

ಮಹಿಳಾ ಕಾನ್‌ಸ್ಟೇಬಲ್, ದಫೇದಾರ, ಇಬ್ಬರು ಪಂಚರನ್ನು ಕರೆದುಕೊಂಡು ಕ್ಷೌರಿಕನ ಮನೆಗೆ ಹೋದರು. ಎರಡು ಕೋಣೆಯ ಮನೆ, ಮುಂದೆ ಸಣ್ಣ ಅಂಗಳ. ಬಾಗಿಲ ಚಿಲಕದ ಬಳಿ ಬೀಗ ತೂಗಿ ತೂಗಿ ಬಣ್ಣ ಹೋದ ಗುರುತಿತ್ತು. ಬೀಗವಿರಲಿಲ್ಲ. ಹೆಂಡತಿ ಮಗುವನ್ನು ಎದೆಗೊತ್ತಿಕೊಂಡು ಬಂದಳು. ಒಂದು ಕೈಯಲ್ಲಿ ಎತ್ತಬಹುದಾದಷ್ಟು ಸಣ್ಣ ಮಗು. ಬೆಳಿಗ್ಗೆಯಷ್ಟೇ ಠಾಣೆಯಿಂದ ಬಿಟ್ಟಿದ್ದ ಗಂಡ ಅಂಗಳದ ಮೂಲೆಯಲ್ಲೇ ನಿಂತಿದ್ದ.

“ಹೊರಗೆ ಹೋಗುವಾಗ ಮನೆಗೆ ಏನು ಹಾಕ್ತೀರಿ ತಾಯಿ?”

“ಈಗ ಎಲ್ಲಿಗೆ ಹೋಗೋದು ಸಾರ್?”

“ನಿನ್ನೆ ಹೋಗಿದ್ರಲ್ಲ.”

ಮೊಳೆಗೆ ತೂಗಿದ್ದ ಗೊಂಚಲಿನಿಂದ ಒಂದು ಕೀಲಿಯನ್ನು ಇನ್ಸ್‌ಪೆಕ್ಟರೇ ಆರಿಸಿದರು. ಪಂಚರ ಎದುರು ಮೊಹರು ಒಡೆದು, ಜಜ್ಜಿದ ಬೀಗಕ್ಕೆ ತೂರಿಸಿದರು. ತಿರುಗಿತು.

“ನಾನೇ ಹಾಕಿದ್ದು ಸಾರ್!” ಎಂದು ಗಂಡ ಮುಂದೆ ನುಗ್ಗಿದ.

“ಒಳಗಿದ್ದವನು ಹೊರಗೆ ಹೇಗಪ್ಪಾ ಬೀಗ ಹಾಕ್ತೀಯ?”

“ನೀನು ಸುಮ್ನಿರು,” ಎಂದಳು ಹೆಂಡತಿ. ಅವಳ ದನಿ ನಡುಗಲಿಲ್ಲ. “ತಿಂಗಳು ತುಂಬದೆ ಹುಟ್ಟಿದ ಮಗು ಸಾರ್ ಇದು. ಶ್ವಾಸಕೋಶ ಇನ್ನೂ ಬಲಿತಿಲ್ಲ, ಸೋಂಕು ತಗುಲಿದರೆ ಉಳಿಯಲ್ಲ ಅಂದಿದಾರೆ ಡಾಕ್ಟರು. ಅಂಗಡಿ ತೆಗೆಯಲ್ಲ ಅಂತ ಮಗು ತಲೆ ಮುಟ್ಟಿ ಆಣೆ ಮಾಡಿದ. ದಿನಾ ಎಲ್ಲೋ ಹೋಗಿ ಬರ್ತಿದ್ದ. ಬಂದು ಎತ್ಕೊಂಡಾಗ ಮಗು ಬಟ್ಟೆ ಮೇಲೆ ಬಿಳೀ ಕೂದಲು ಸಾರ್. ನಮ್ಮನೇಲಿ ಯಾರಿಗಿದೆ ಬಿಳೀ ಕೂದಲು?”

“ಅದಕ್ಕೆ?”

“ಎಡಗಡೆ ಬೀಗವನ್ನ ಪಕ್ಕದವನೇ ತೆಗೆದುಬಿಡ್ತಾನಲ್ಲ, ಸಿಕ್ಕಿಬೀಳಲಿ ಅಂತ ಬಲಗಡೆ ನಂದೂ ಹಾಕಿದೆ. ಒಳಗಿಂದ ಮಾತು ಕೇಳಿಸ್ತಾ ಇತ್ತು, ಯಾರೋ ಇದಾರೆ ಅಂತ ಗೊತ್ತಿತ್ತು. ಅಲ್ಲೇ ನಿಂತು ಠಾಣೆಗೆ ಫೋನ್ ಮಾಡಿದೆ. ಕಟಿಂಗ್ ಶಾಪ್ ತೆಗೆದಿದಾರೆ, ಒಳಗೆ ಜನ ಇದಾರೆ, ಬೀಗ ಹಾಕಿದೀನಿ, ಬಂದು ಹಿಡೀರಿ ಅಂದೆ. ‘ಈಗಲೇ ಬರ್ತೀವಿ’ ಅಂದ್ರು. ಮಗೂನ ಪಕ್ಕದ ಮನೇಲಿ ಬಿಟ್ಟು ಬಂದಿದ್ದೆ. ಓಡಿದೆ.”

“ಮತ್ತೆ ಬಂದು ನೋಡಲಿಲ್ವಾ?”

“ಪೊಲೀಸರಿಗೆ ಹೇಳಿದ ಮೇಲೆ ಇನ್ನೇನು ನೋಡೋದು ಸಾರ್?”

ಪೇಟೆ ಬೀದಿ ಠಾಣೆಯಿಂದ ಕೂಗಳತೆ ದೂರ. ಇನ್ಸ್‌ಪೆಕ್ಟರ್ ನಿಧಾನವಾಗಿ ದಫೇದಾರನ ಕಡೆ ತಿರುಗಿದರು. ಊರಿಗೆ ಊರೇ ತಲೆ ಮೇಲೆ ಕಾಡು ಬೆಳೆಸಿಕೊಂಡಿದ್ದ ದಿನಗಳವು. ದಫೇದಾರನ ಕುತ್ತಿಗೆಯ ಹಿಂದೆ ಕೂದಲು ಗೆರೆ ಹಿಡಿದ ಹಾಗೆ ನೇರವಾಗಿತ್ತು. ಕಂಡೂ ಕಾಣದಿದ್ದುದಕ್ಕೆ ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

“ನಾನೇ ಸಾರ್ ಫೋನ್ ತಗೊಂಡದ್ದು,” ಎಂದ ದಫೇದಾರ ನೆಲ ನೋಡುತ್ತ. “ಹೋದ ವಾರ ನಾನೂ ಅಲ್ಲೇ ಮಾಡಿಸಿಕೊಂಡಿದ್ದೆ. ಹಿಡಿದರೆ ನನ್ನ ಹೆಸರೂ ಹೇಳ್ತಾನೆ ಅಂತ... ಯಾರೋ ಬಂದು ತೆಗೀತಾರೆ ಅಂದ್ಕೊಂಡು ಸುಮ್ಮನಾದೆ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ಸ್‌ಪೆಕ್ಟರ್ ಬೈಯಲಿಲ್ಲ. ಅಲ್ಲೇ ಅಂಗಳದ ಕಟ್ಟೆಯ ಮೇಲೆ ಕೂತು ಎರಡು ಕಾಗದ ಬರೆದರು. ಒಂದು ಆಕೆಯ ದಸ್ತಗಿರಿಯದು, ಇನ್ನೊಂದು ದಫೇದಾರನ ಮೇಲಿನ ವರದಿ. ಆಕೆ ಮೊದಲನೆಯದಕ್ಕೆ ಓದದೆಯೇ ಸಹಿ ಹಾಕಿದಳು.

ಮಗುವನ್ನು ತೆಗೆದುಕೊಳ್ಳಲು ಗಂಡ ಕೈ ಚಾಚಿದ. ಆಕೆ ಹಿಂದೆ ಸರಿದಳು.

“ಸ್ನಾನ ಮಾಡಿ ಎತ್ಕೋ.”

ಮಹಿಳಾ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರರ ಮುಖ ನೋಡಿದಳು. ಅವರು ಕಾಯೋಣ ಎಂಬಂತೆ ತಲೆಯಾಡಿಸಿದರು. ಜೀಪಿನ ಬಾಗಿಲು ತೆರೆದೇ ಇತ್ತು. ಬಚ್ಚಲಲ್ಲಿ ಅವನು ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುತ್ತ ಅಳುವುದು ಅಂಗಳಕ್ಕೆಲ್ಲ ಕೇಳಿಸುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಅವನು ತಲೆಯೊರೆಸಿ, ಒಗೆದ ಅಂಗಿ ತೊಟ್ಟು ಬಂದ ಮೇಲೆ ಆಕೆ ಅವನ ಎರಡೂ ಅಂಗೈ ತಿರುಗಿಸಿ ನೋಡಿದಳು, ಮಗುವನ್ನು ಕೊಟ್ಟಳು, ಹೋಗಿ ಜೀಪಿನಲ್ಲಿ ಕೂತಳು.